ಸ್ಟುಟ್‌ಗಾರ್ಟ್‌ನಲ್ಲಿ ನಾವು ಬಾವುಟ ಕಟ್ಟಿದ ದಿನ

ಸ್ಟುಟ್‌ಗಾರ್ಟ್‌ನಲ್ಲಿ ಆಗಸ್ಟ್ 15 ಮಾಮೂಲಿ ದಿನ. ಕೆಂಪುಕೋಟೆಯಲ್ಲಿ ಬೆಳಗ್ಗೆ 7.30ಕ್ಕೆ ಬಾವುಟ ಹಾರುವಾಗ ಜರ್ಮನಿಯಲ್ಲಿ ಇನ್ನೂ ನಾಲ್ಕು ಗಂಟೆ. ಮೊದಲ ವರ್ಷ ಅಲಾರಂ ಇಟ್ಟು ಎದ್ದೆ, ಹಾಸಿಗೆಯಲ್ಲೇ ಮೊಬೈಲ್‌ನಲ್ಲಿ ನೋಡಿದೆ, ಮತ್ತೆ ಮಲಗಿದೆ. ಅದೂ ಒಂದು ಆಚರಣೆನಾ! ಎರಡನೇ ವರ್ಷ ಹಾಸ್ಟೆಲ್‌ನ ಹನ್ನೆರಡು ಜನ ಸೇರಿ ನಾವೇ ಮಾಡುವುದು ಅಂತ ತೀರ್ಮಾನಿಸಿದೆವು.

ಬಾವುಟ ನನ್ನ ಹತ್ತಿರವೇ ಇತ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಖಾದಿ ಬಾವುಟ. ಹೊರಡುವಾಗ ಅಪ್ಪ ಚಟ್ನಿಪುಡಿ ಡಬ್ಬಿಯ ಪಕ್ಕ ತುರುಕಿದ್ದರು. ಕಂಬ ನೆಡಲು ಹಿತ್ತಲಲ್ಲಿ ಗುಂಡಿ ತೋಡುವ ಹಾಗಿರಲಿಲ್ಲ. ತೋಟದ ಸಾಮಾನಿನ ಅಂಗಡಿಯಿಂದ ಬಿದಿರಿನ ಗಳ ತಂದು ವಾಲಿಬಾಲ್ ನೆಟ್‌ನ ಕಂಬಕ್ಕೆ ಬಿಗಿದೆವು.

ನಿಜವಾದ ಕಷ್ಟ ಗಂಟಿನದು. ಹೂವಿನ ಎಸಳು ಹಾಕಿ ಮಡಚಿದ ಬಾವುಟಕ್ಕೆ ಜಾರುಗಂಟು ಹಾಕಬೇಕು, ಹಗ್ಗ ಎಳೆದರೆ ಬಿಚ್ಚಿಕೊಳ್ಳಬೇಕು. ಶಾಲೆಯಲ್ಲಿ ಅದನ್ನು ಪಿ.ಟಿ. ಮೇಷ್ಟ್ರು ಮಾಡುತ್ತಿದ್ದರು, ನಾವು ಸುಮ್ನೆ ಚಪ್ಪಾಳೆ ತಟ್ಟುತ್ತಿದ್ದೆವು. ಹಿಂದಿನ ರಾತ್ರಿ ಟವೆಲ್ ಕಟ್ಟಿ ಏಳೆಂಟು ಸಲ ಅಭ್ಯಾಸ ಮಾಡಿದೆ. ಆದರೂ ಬೆಳಗ್ಗೆ ಸಿಕ್ಕಿಹಾಕಿಕೊಂಡಿತು! ಗಳ ಇಳಿಸಿ, ಬಿಚ್ಚಿ, ಮತ್ತೆ ಕಟ್ಟಿದೆವು. ಯಾರೂ ನಗಲಿಲ್ಲ, ಆಮೇಲೆ ಜಾಸ್ತಿ ನಕ್ಕರು.

ಇತಿಹಾಸದ ಭಾಗಕ್ಕೆ ನಾನು 1857ರಿಂದ 1947ರವರೆಗೆ ಸ್ಲೈಡ್ ಮಾಡಿಕೊಂಡಿದ್ದೆ. ನಾಲ್ಕನೆಯದಕ್ಕೇ ಎಲ್ಲರೂ ಮೊಬೈಲ್ ತೆಗೆದರು. ತಪ್ಪು ನನ್ನದೇ, ಪಠ್ಯಪುಸ್ತಕ ಓದಿದ ಹಾಗಿತ್ತು. ಲ್ಯಾಪ್‌ಟಾಪ್ ಮುಚ್ಚಿ, "ಇದೇ ಊರಲ್ಲಿ ನಮ್ಮ ಬಾವುಟ ಹಾರಿದೆ, ಗೊತ್ತಾ?" ಅಂದೆ. 1907ರ ಆಗಸ್ಟ್‌ನಲ್ಲಿ ಇಲ್ಲಿ ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನ ನಡೆದಾಗ, ಮುಂಬೈನ ಪಾರ್ಸಿ ಹೆಣ್ಣುಮಗಳು ಮೇಡಂ ಭಿಕಾಜಿ ಕಾಮಾ ನಡುವೆ 'ವಂದೇ ಮಾತರಂ' ಎಂದು ಬರೆದ ಬಾವುಟವನ್ನು ಬಿಡಿಸಿ ತೋರಿಸಿದ್ದರು. ನಾವು ಟ್ರಾಮ್ ಹತ್ತಿ ಓಡಾಡುವ ಊರು! ಒಬ್ಬ ಆಗಲೇ ಜಾಗ ಹುಡುಕಲು ಮ್ಯಾಪ್ ತೆಗೆದ.

ಆಮೇಲೆ ಒಬ್ಬೊಬ್ಬರೂ ತಮ್ಮ ಊರಿನ ಕಡೆಯ ಒಂದು ಕಥೆ ಹೇಳಿದರು. ನಾನು ಶಿಕಾರಿಪುರದ ಕಡೆಯವನು, ಈಸೂರಿನದು ಹೇಳಿದೆ. 1942ರಲ್ಲಿ ಆ ಊರಿನವರು ಕಂದಾಯ ಕೊಡುವುದಿಲ್ಲ ಅಂದರು, ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿ ತಮ್ಮದೇ ಸರ್ಕಾರ ಮಾಡಿಕೊಂಡರು. ಗಲಾಟೆಯಲ್ಲಿ ಅಮಲ್ದಾರರೂ (ಈಗಿನ ತಹಶೀಲ್ದಾರರ ಹಾಗೆ) ಸಬ್ ಇನ್‌ಸ್ಪೆಕ್ಟರೂ ಸತ್ತರು. ಮರುವರ್ಷ ಊರಿನ ಐವರನ್ನು ಗಲ್ಲಿಗೇರಿಸಿದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಎನ್ನುವುದನ್ನು ಹಿಂದಿಯಲ್ಲಿ ಹೇಳಲು ಹೋಗಿ ಸೋತೆ. ಪ್ರಾಸವೇ ಹೋದರೆ ಇನ್ನೇನಿದೆ?

ಅಷ್ಟರಲ್ಲಿ ಲಾಡು ತಿನ್ನಲು ಬಂದಿದ್ದ ಕೊರಿಯಾದ ಹುಡುಗಿ, "ಇವತ್ತು ನಮ್ಮದೂ ಹೌದು" ಅಂದಳು. 1945ರ ಆಗಸ್ಟ್ 15ಕ್ಕೆ ಜಪಾನಿನ ಆಳ್ವಿಕೆ ಮುಗಿದದ್ದು. ನನ್ನ ಸ್ಲೈಡಿನಲ್ಲಿ ಅದಂತೂ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಓದಲು ಹೋದರು. ಸಂಜೆ ಅಪ್ಪನಿಗೆ ಫೋನ್ ಮಾಡಿದರೆ, "ಕತ್ತಲಾಗೋ ಮುಂಚೆ ಬಾವುಟ ಇಳಿಸಿದೆಯೇನೋ?" ಅಂತ ಮೊದಲ ಪ್ರಶ್ನೆ. ಅಲ್ಲಿ ಆಗಸ್ಟ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟೂವರೆಗೆ. "ಇನ್ನೂ ಬಿಸಿಲಿದೆ ಅಪ್ಪಾ" ಅಂದೆ, ನಂಬಲಿಲ್ಲ. ವಿಡಿಯೊ ಆನ್ ಮಾಡಿ ತೋರಿಸಬೇಕಾಯಿತು.