ರಾತ್ರಿ 7.20, ಒಲೆ ಇನ್ನೂ ಹಚ್ಚಿಲ್ಲ: ಹೊಸದಾಗಿ ಬಂದವರಿಗೆ ಅಡುಗೆಮನೆಯ ಒಂದಿಷ್ಟು ಮಾತು

ನವೆಂಬರ್‌ನ ಮೊದಲ ಭಾನುವಾರ ಇಲ್ಲಿ, ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಸಂಜೆ 5 ಗಂಟೆಗೆಲ್ಲ ಕತ್ತಲು. ಗಂಡ ಹೆಂಡತಿಯಲ್ಲಿ ಒಬ್ಬರು ನ್ಯೂಯಾರ್ಕ್‌ನಿಂದ ಬರುವ ರೈಲಿನಲ್ಲಿ ಎಲ್ಲೋ ನಿಂತಿರುತ್ತಾರೆ. ಇನ್ನೊಬ್ಬರು 6 ಗಂಟೆಯೊಳಗೆ ಮಗುವನ್ನು ಕರೆದುಕೊಂಡು, ಸೀದಾ ಈಜಿನ ಕ್ಲಾಸಿಗೆ ಓಡಿ, ಮನೆ ಬಾಗಿಲು ತೆಗೆಯುವಾಗ 7.20. ಮಗು ಶಾಲೆಯಲ್ಲಿ ಉಂಡಿದ್ದು ಬೆಳಗ್ಗೆ 11.30ಕ್ಕೆ. ಎಂಟೂವರೆಗೆ ಮಲಗಬೇಕು. ಊರಲ್ಲಾದರೆ ಅಜ್ಜಿ ಇಷ್ಟು ಹೊತ್ತಿಗೆ ಸಾರು ಕುದಿಸಿ ಇಟ್ಟಿರುತ್ತಿದ್ದರು. ಇಲ್ಲಿ ಫ್ರಿಜ್ ತೆಗೆದರೆ ಅರ್ಧ ಡಬ್ಬಿ ಮೊಸರು, ಎರಡು ಕ್ಯಾರೆಟ್.

ನಾವು ಎಡಿಸನ್‌ಗೆ ಬಂದು 16 ವರ್ಷವಾಯಿತು. ಮೊದಲ ಎರಡು ವರ್ಷ ನಾನು ಇಂಥ ದಿನಗಳಲ್ಲೂ ಅನ್ನ, ಸಾರು, ಪಲ್ಯ ಮೂರೂ ಆಗಲೇಬೇಕು ಎಂದು ಹಟ ಹಿಡಿದಿದ್ದೆ. ಊಟ ತಟ್ಟೆಗೆ ಬರುವಾಗ 9 ಗಂಟೆ. ಮಗಳು ಸೋಫಾ ಮೇಲೆ ನಿದ್ದೆ. ಒಂದು ದಿನ ಅಮ್ಮ ಫೋನಿನಲ್ಲಿ, "ಶನಿವಾರ ಅಲ್ವಾ, ನಂದು ಒಪ್ಪತ್ತು. ರಾತ್ರಿ ಸುಮ್ನೆ ಒಂದಿಷ್ಟು ಅವಲಕ್ಕಿ ಫಲಾರ" ಎಂದರು. ಆಗ ಹೊಳೆಯಿತು. ರಾತ್ರಿ ಅನ್ನ ಬಿಟ್ಟು ತಿಂಡಿ ತಿನ್ನುವುದು ನಮ್ಮಲ್ಲಿ ಮೊದಲಿಂದಲೂ ಇದೆ. ಅದಕ್ಕೆ ಫಲಾರ ಎಂಬ ಮರ್ಯಾದೆಯ ಹೆಸರೂ ಇದೆ. ನಮ್ಮ ಬೆಳಗಿನ ತಿಂಡಿಗಳಲ್ಲಿ ಬಹಳಷ್ಟು 20 ನಿಮಿಷದವು. ಅವನ್ನೇ ರಾತ್ರಿಗೆ ತಂದುಕೊಳ್ಳಿ. ಈಗ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ದಿನ, ಕೆಲವೊಮ್ಮೆ ಮೂರು ದಿನ, ಫಲಾರ.

ಬಂದ ಕೂಡಲೇ ಒಲೆ ಹಚ್ಚಬೇಡಿ. ಮೊದಲು ಮಕ್ಕಳ ಕೈಗೆ ಏನಾದರೂ ಕೊಡಿ. ಬಾಳೆಹಣ್ಣು, ಹೆಚ್ಚಿದ ಸೌತೆಕಾಯಿ, ಒಂದು ಹಿಡಿ ಶೇಂಗಾ. ಚಿಪ್ಸ್ ಪೊಟ್ಟಣ ಬೇಡ, ಆಮೇಲೆ ಊಟ ಸೇರುವುದಿಲ್ಲ. ಇದರಿಂದ ನಿಮಗೆ ಸಿಗುವುದು 20 ನಿಮಿಷದ ಶಾಂತಿ. ಅಷ್ಟು ಸಾಕು.

ಇನ್ನು ಅವಲಕ್ಕಿ. ಮನೆಯಲ್ಲಿ ತೆಳು, ದಪ್ಪ ಎರಡೂ ಇರಲಿ. ತೆಳು ಅವಲಕ್ಕಿಗೆ ಮೊಸರು, ಉಪ್ಪು, ಮೇಲೊಂದು ಒಗ್ಗರಣೆ, ಪಕ್ಕಕ್ಕೆ ಉಪ್ಪಿನಕಾಯಿ: 5 ನಿಮಿಷದಲ್ಲಿ ಮುಗಿಯಿತು. ಇಲ್ಲಿಯ ಗ್ರೀಕ್ ಯೋಗರ್ಟ್ ಗಟ್ಟಿ ಜಾಸ್ತಿ, ಅದನ್ನು ಹಾಲು ಹಾಕಿ ತೆಳು ಮಾಡಿಕೊಳ್ಳಿ. ಇಲ್ಲದಿದ್ದರೆ ಗಂಟಲಲ್ಲಿ ಇಳಿಯದು. ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ, ಹುಣಸೆರಸ, ಬೆಲ್ಲ, ಸಾರಿನ ಪುಡಿ ಕಲಸಿದ ನೀರಿನಲ್ಲಿ ಕಾಲು ಗಂಟೆ ಬಿಟ್ಟರೆ ಗೊಜ್ಜವಲಕ್ಕಿ. ಅದು ನೆನೆಯುವಷ್ಟರಲ್ಲಿ ನೀವು ಸ್ನಾನ ಮುಗಿಸಿ ಬರಬಹುದು. ಬಂದು ಶೇಂಗಾ ಒಗ್ಗರಣೆ ಕೊಡಿ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಅಡುಗೆ ಕಲಿಯುತ್ತೀರಿ ಎಂದರೆ ಇದನ್ನು ಕಲಿಯಿರಿ.

ಉಪ್ಪಿಟ್ಟಿನ ಬಗ್ಗೆ ಮುಖ ಸಿಂಡರಿಸುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮಲ್ಲಿ ಯಜಮಾನರು. ಆದರೂ ಕೈ ಹಿಡಿಯುವುದು ಅದೇ. ಭಾನುವಾರ ಒಂದು ಕಿಲೋ ರವೆ ಹುರಿದು ಡಬ್ಬಿಗೆ ತುಂಬಿಡಿ. ವಾರದ ದಿನ ಅರ್ಧ ಕೆಲಸ ಉಳಿಯಿತು. ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು. ತರಕಾರಿ ಹೆಚ್ಚುವ ಚೈತನ್ಯ ಇಲ್ಲವೇ? ಬಟಾಣಿ, ಕ್ಯಾರೆಟ್, ಬೀನ್ಸ್ ಬೆರೆಸಿದ ಫ್ರೋಜನ್ ಪೊಟ್ಟಣ ಯಾವ ಅಂಗಡಿಯಲ್ಲೂ ಸಿಗುತ್ತದೆ, ನೇರ ಬಾಣಲೆಗೆ ಸುರಿಯಿರಿ. ಮಂಗಳೂರಿನವರು ಉಪ್ಪಿಟ್ಟಿಗೆ ಸಜ್ಜಿಗೆ ಎನ್ನುತ್ತಾರೆ, ಅದರ ಜೊತೆ ಖಾರದ ಅವಲಕ್ಕಿ ಬೆರೆಸಿ ಸಜ್ಜಿಗೆ ಬಜಿಲ್ ತಿನ್ನುತ್ತಾರೆ. ಪಕ್ಕದ ಅಪಾರ್ಟ್‌ಮೆಂಟಿನ ಪುತ್ತೂರಿನವರು ಕಲಿಸಿದ ಮೇಲೆ ನಮ್ಮ ಯಜಮಾನರೂ ಸ್ವಲ್ಪ ಮೆತ್ತಗಾಗಿದ್ದಾರೆ. ಇರುವುದನ್ನು ಬಳಸಿ ಅಡುಗೆ ಕಟ್ಟುವುದು ನಮಗೇನು ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲೇ ಇಡ್ಲಿ ಮಾಡಿದೆವು ಎಂದು ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ರವೆ ಇಡ್ಲಿ ಹುಟ್ಟಿದ ಕತೆ ಅದು.

ಉಳಿದ ಅನ್ನದ ಬಗ್ಗೆ ಒಂದು ಎಚ್ಚರ. ಊರಲ್ಲಿ ರಾತ್ರಿ ಉಳಿದ ಅನ್ನವನ್ನು ಒಲೆ ಮೇಲೇ ಬಿಟ್ಟು ಬೆಳಗ್ಗೆ ಚಿತ್ರಾನ್ನ ಮಾಡಿ ಬೆಳೆದವರು ನಾವು. ಇಲ್ಲಿ ಚಳಿಗಾಲದಲ್ಲೂ ಮನೆಯೊಳಗೆ ಹೀಟರ್ ಬೆಚ್ಚಗೆ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, 3–4 ದಿನದಲ್ಲಿ ಮುಗಿಸಿ. ಫ್ರಿಜ್‌ನ ಅನ್ನ ಉದುರುದುರಾಗಿರುವುದರಿಂದ ಚಿತ್ರಾನ್ನಕ್ಕೆ ಇನ್ನೂ ಒಳ್ಳೆಯದು. ನೀರು ಚಿಮುಕಿಸಿ ಮೈಕ್ರೋವೇವ್‌ನಲ್ಲಿ ಚೆನ್ನಾಗಿ ಹಬೆಯಾಡುವ ತನಕ ಬಿಸಿ ಮಾಡಿ. ನಿಂಬೆಗೆ ದೊಡ್ಡ ಹಳದಿ ಲೆಮನ್ ಬೇಡ, ಹಸಿರು ಲೈಮ್ ತಗೊಳ್ಳಿ. ನಮ್ಮ ನಿಂಬೆಯ ರುಚಿಗೆ ಅದೇ ಹತ್ತಿರ.

ಒಗ್ಗರಣೆ ಎಂದೆನಲ್ಲ, ಅದನ್ನು ಇಲ್ಲಿ ಹೊಸದಾಗಿ ಕಲಿಯಬೇಕು. ಬಹಳ ಅಪಾರ್ಟ್‌ಮೆಂಟ್‌ಗಳಲ್ಲಿ ಒಲೆ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ಬಿಡುವುದಿಲ್ಲ, ಜಾಲರಿಯಲ್ಲಿ ಸೋಸಿ ವಾಪಸ್ ಮನೆಯೊಳಗೇ ಬಿಡುತ್ತದೆ. ಎಲೆಕ್ಟ್ರಿಕ್ ಕಾಯಿಲ್ ಒಲೆಯಾದರೆ ಆಫ್ ಮಾಡಿದ ಮೇಲೂ ಕೆಂಪಗೆ ಸುಡುತ್ತಲೇ ಇರುತ್ತದೆ. ಬಂದ ಮೊದಲ ಚಳಿಗಾಲದಲ್ಲಿ ನಾನು ಒಣಮೆಣಸಿನಕಾಯಿ ಹಾಕಿದ್ದೇ ತಡ, ಅಲಾರಂ ಕೂಗಿ, ಇಡೀ ಬಿಲ್ಡಿಂಗ್ ಚಪ್ಪಲಿಯಲ್ಲಿ ಹಿಮದ ಮೇಲೆ ನಿಂತಿತು. ಒಬ್ಬ ಅಜ್ಜ ಬೆಕ್ಕನ್ನು ಎತ್ತಿಕೊಂಡು ಬಂದಿದ್ದರು. ಆ ಬೆಕ್ಕು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ! ಹಾಗಾಗಿ ಫ್ಯಾನ್ ಮೊದಲೇ ಹಾಕಿ, ಕಿಟಕಿ ನಾಲ್ಕು ಬೆರಳು ತೆಗೆಯಿರಿ. ಸಾಸಿವೆ ಸಿಡಿದ ಕೂಡಲೇ ಸೌಟನ್ನು ಒಲೆಯಿಂದ ಎತ್ತಿ ಪಕ್ಕಕ್ಕಿಟ್ಟು, ಆಮೇಲೆ ಮೆಣಸಿನಕಾಯಿ, ಇಂಗು, ಕರಿಬೇವು ಹಾಕಿ. ಎಣ್ಣೆಯ ಬಿಸಿಯೇ ಸಾಕು. ಅಲಾರಂನ ಬ್ಯಾಟರಿ ಮಾತ್ರ ಯಾವತ್ತೂ ಕೀಳಬೇಡಿ.

ಕರಿಬೇವನ್ನು ಊರಿಂದ ಹಸಿಯಾಗಿ ತರುವ ಹಾಗಿಲ್ಲ. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಇರಬಹುದೆಂದು ಏರ್‌ಪೋರ್ಟಿನಲ್ಲೇ ತೆಗೆದುಬಿಡುತ್ತಾರೆ. ಇಲ್ಲಿ ಸಿಕ್ಕಿದ್ದನ್ನು ತೊಳೆದು ಒರೆಸಿ ಫ್ರೀಜರ್‌ನಲ್ಲಿಡಿ. ಕಪ್ಪಗಾಗುತ್ತದೆ, ಪರಿಮಳ ಇರುತ್ತದೆ. ಮಿಕ್ಸಿಯನ್ನೂ ಹೊತ್ತು ತರಬೇಡಿ. ನಮ್ಮದು 230 ವೋಲ್ಟ್, ಇಲ್ಲಿ 120. ಇಲ್ಲಿಗೆ ಹೊಂದುವ, 110 ವೋಲ್ಟ್ ಎಂದು ಬರೆದ ಮಿಕ್ಸಿ ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಗಳಲ್ಲೇ ಸಿಗುತ್ತದೆ.

ಅನ್ನ ಇಲ್ಲದೆ ಆಗುವುದೇ ಇಲ್ಲ ಎನ್ನುವವರಿಗೆ ಇನ್‌ಸ್ಟಂಟ್ ಪಾಟ್ ಎಂಬ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ಇದೆ. ಒಂದು ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ, ಐದಾರು ಲೋಟ ನೀರು, ಮೆಣಸು, ಜೀರಿಗೆ, ಶುಂಠಿ, ತುಪ್ಪ. 10 ನಿಮಿಷ ಎಂದು ಒತ್ತಿದರೆ ಹುಗ್ಗಿ. ಆದರೆ ಆ 10 ನಿಮಿಷವನ್ನು ನಂಬಬೇಡಿ. ಪ್ರೆಶರ್ ಏರುವುದಕ್ಕೆ, ಇಳಿಯುವುದಕ್ಕೆ ಸೇರಿಸಿ ಅರ್ಧ ಗಂಟೆ ಮೀರುತ್ತದೆ. ಕುಕ್ಕರ್ ಕೂಗಿಗೆ ಲೆಕ್ಕ ಹಾಕಿ ಅಡುಗೆ ಮಾಡಿದವರಿಗೆ ಇದು ತುಂಬ ಮೌನದ ಪಾತ್ರೆ ಅನಿಸುತ್ತದೆ. ಮುಚ್ಚಿಟ್ಟು ಮಗುವಿನ ಹೋಂವರ್ಕ್ ನೋಡಿ. ತೊಗರಿಬೇಳೆಗಿಂತ ಹೆಸರುಬೇಳೆ ಬೇಗ ಬೇಯುತ್ತದೆ ಎಂಬುದು ನೆನಪಿರಲಿ. ಅದನ್ನೇ ಅರ್ಧ ಗಂಟೆ ನೆನೆಸಿ, ಆ ಎರಡು ಕ್ಯಾರೆಟ್ ತುರಿದು ಹಾಕಿದರೆ ಕೋಸಂಬರಿ. ಒಲೆಯೇ ಬೇಡ.

ಉತ್ತರ ಕರ್ನಾಟಕದವರು ನಮಗಿಂತ ಜಾಣರು. ಅವರ ಮನೆಯಲ್ಲಿ ಊರಿಂದ ಬಂದ ಕಟಕ ರೊಟ್ಟಿ ಡಬ್ಬಿ ಇರುತ್ತದೆ. ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಮೊಸರು, ಹಸಿ ಈರುಳ್ಳಿ, ಊಟ ಆಯಿತು. ದಾವಣಗೆರೆಯ ಗೆಳತಿಯೊಬ್ಬಳು ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ ಕೊಟ್ಟಳು. 10 ನಿಮಿಷವೂ ಆಗಲಿಲ್ಲ. ಮಗಳು ಎರಡು ಸಲ ಹಾಕಿಸಿಕೊಂಡಳು.

ಇದನ್ನೆಲ್ಲ ಕೊಳ್ಳಲು ಹೋದಾಗ ಹೆಸರಿನ ಗೊಂದಲ ಇದ್ದೇ ಇದೆ. ಇಲ್ಲಿಯ ಇಂಡಿಯನ್ ಅಂಗಡಿಗಳಲ್ಲಿ ಗುಜರಾತಿಗಳದ್ದೇ ಜಾಸ್ತಿ. 1974ರಲ್ಲಿ ಶಿಕಾಗೋದಲ್ಲಿ ಶುರುವಾದ ಪಟೇಲ್ ಬ್ರದರ್ಸ್ ಈಗ ಇಲ್ಲೂ ಇದೆ. ಪೊಟ್ಟಣದ ಮೇಲಿನ ಹೆಸರುಗಳೂ ಗುಜರಾತಿ, ಇಲ್ಲವೇ ಹಿಂದಿ. ಅವಲಕ್ಕಿ ಎಂದರೆ ಪೋಹಾ, ಮಂಡಕ್ಕಿ ಎಂದರೆ ಮಮ್ರಾ, ರವೆ ಎಂದರೆ ಸೂಜಿ. ಫ್ರೀಜರ್‌ನಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಎಂದು ಬರೆದಿದ್ದರೆ ಬಿಡಬೇಡಿ, ನಮ್ಮ ಅವರೆಕಾಳಿನ ಹತ್ತಿರದ ನೆಂಟ. ಉಪ್ಪಿಟ್ಟಿಗೆ ಒಂದು ಹಿಡಿ ಬಿದ್ದರೆ ಬೆಂಗಳೂರಿನ ಡಿಸೆಂಬರ್. ಹುರಿಗಡಲೆಗೆ ಮಾತ್ರ ಅವರು ದಾಲಿಯಾ ಎನ್ನುತ್ತಾರೆ, ಗೋಧಿ ನುಚ್ಚಿಗೂ ದಾಲಿಯಾ ಎನ್ನುತ್ತಾರೆ. ನಾನು ಕಣ್ಣಿಟ್ಟು ನೋಡದೆ ಚಟ್ನಿಗೆಂದು 4 ಪೌಂಡಿನ ಪೊಟ್ಟಣ ತಂದೆ. ಮನೆಗೆ ಬಂದು ಬಿಚ್ಚಿದರೆ ನುಚ್ಚು. ಅದನ್ನು ಖಾಲಿ ಮಾಡಲು ಒಂದು ತಿಂಗಳು ನುಚ್ಚಿನ ಉಪ್ಪಿಟ್ಟು ತಿಂದೆವು, ಯಜಮಾನರು ಸಮೇತ.