ಊರಿನ ಓಟರ್ ಲಿಸ್ಟ್‌ನಲ್ಲಿ ನಿಮ್ಮ ಹೆಸರು: ದುಬೈಗೆ ಹೊಸದಾಗಿ ಬಂದ ಕಲಬುರಗಿ, ಬೀದರ್, ಯಾದಗಿರಿಯವರಿಗೆ

ಇಲ್ಲಿಗೆ ಬಂದ ಮೊದಲ ತಿಂಗಳು ತಲೆ ತುಂಬ ಚಿಂತೆ ಇರುತ್ತದೆ. ರೂಮ್, ಎಮಿರೇಟ್ಸ್ ಐಡಿ, ಬ್ಯಾಂಕ್ ಖಾತೆ, ಊರಿಗೆ ದುಡ್ಡು ಕಳಿಸುವುದು. ಓಟರ್ ಲಿಸ್ಟ್ ಯಾರಿಗೂ ನೆನಪಾಗುವುದಿಲ್ಲ. ನನಗೂ ಆಗಿರಲಿಲ್ಲ.

2018ರ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆಗೆ ಅಂತಲೇ ರಜೆ ಹಾಕಿ ಊರಿಗೆ ಹೋದೆ. ಕಲಬುರಗಿ ಬಿಸಿಲು ನಿಮಗೆ ಗೊತ್ತೇ ಇದೆ. ಶಾಲೆಯ ಮುಂದೆ ಸಾಲಿನಲ್ಲಿ ನಿಂತು ಒಳಗೆ ಹೋದರೆ ನನ್ನ ಹೆಸರೇ ಇಲ್ಲ. ಕೈಯಲ್ಲಿ ಓಟರ್ ಐಡಿ ಇತ್ತು. ಆದರೆ ಕಾರ್ಡ್ ಗುರುತಿಗೆ ಮಾತ್ರ, ಓಟು ಹಾಕುವ ಹಕ್ಕು ಬರುವುದು ಲಿಸ್ಟ್‌ನಿಂದ. ಮನೆಗೆ ಬಂದು ಹೇಳಿದಾಗ ಅವ್ವ ಎದ್ದು ಹೋಗಿ ಗೋಡೆಯ ಮಾಡದಿಂದ ಕರೆಂಟ್ ಬಿಲ್‌ಗಳ ಕಟ್ಟು ತಂದಳು. ಅದರ ನಡುವೆ ನಾಲ್ಕು ಮಡಿಕೆ ಮಾಡಿದ ಒಂದು ನೋಟಿಸ್ ಇತ್ತು. "ಅಂಗನವಾಡಿ ಅಕ್ಕ ಬಂದು ಕೊಟ್ಟು ಹೋಗಿದ್ದಳೋ ಯಪ್ಪಾ. ನೀ ಬಂದಾಗ ತೋರಸಬೇಕಂತ ಇಟ್ಟಿದ್ದೆ" ಅಂದಳು.

ಆ ಅಂಗನವಾಡಿ ಅಕ್ಕನೇ ನಮ್ಮ ಬೂತಿನ ಬಿಎಲ್ಒ, ಅಂದರೆ ಬೂತ್ ಮಟ್ಟದ ಅಧಿಕಾರಿ. ಮನೆ ಮನೆಗೆ ಹೋಗಿ ಯಾರಿದ್ದಾರೆ, ಯಾರು ತೀರಿಕೊಂಡರು, ಯಾರು ಊರು ಬಿಟ್ಟರು ಅಂತ ನೋಡುವುದು ಅವರ ಕೆಲಸ. ಹೆಸರು ಸೇರಿಸುವ, ತೆಗೆಯುವ ಅಧಿಕಾರ ಮಾತ್ರ ಕ್ಷೇತ್ರದ ಮತದಾರರ ನೋಂದಣಿ ಅಧಿಕಾರಿಯದು. ಇದೆಲ್ಲ 1950ರ ಜನತಾ ಪ್ರಾತಿನಿಧ್ಯ ಕಾಯ್ದೆ ಮತ್ತು 1960ರ ಮತದಾರರ ನೋಂದಣಿ ನಿಯಮಗಳ ಪ್ರಕಾರ ನಡೆಯುತ್ತದೆ. ಊರು ಬಿಟ್ಟಿದ್ದಾರೆ ಅಂತ ಹೆಸರು ತೆಗೆಯುವ ಮುಂಚೆ ಆ ವ್ಯಕ್ತಿಗೆ ತನ್ನ ಮಾತು ಹೇಳಲು ಅವಕಾಶ ಕೊಡಲೇಬೇಕು. ಅವ್ವ ಜೋಪಾನ ಮಾಡಿದ್ದ ಆ ಕಾಗದವೇ ನನಗೆ ಸಿಕ್ಕಿದ್ದ ಅವಕಾಶ.

ಇಲ್ಲಿ ನಮ್ಮವರು ಜಾಸ್ತಿ ತಪ್ಪು ತಿಳಿಯುವ ಒಂದು ವಿಷಯವಿದೆ. "ಊರಾಗ ನಮ್ಮ ಮನಿ ಅದಲ್ರಿ, ಹೆಸರು ಹೆಂಗ ತೆಗೀತಾರ?" ಅಂತ ಕೇಳುತ್ತಾರೆ. ಮನೆ, ಹೊಲ ಇದ್ದ ಮಾತ್ರಕ್ಕೆ ಕಾಯ್ದೆ ನಿಮ್ಮನ್ನು ಆ ಊರಿನ ವಾಸಿ ಅಂತ ಒಪ್ಪುವುದಿಲ್ಲ. ನೀವು ಸಾಮಾನ್ಯವಾಗಿ ಅಲ್ಲೇ ವಾಸವಿರಬೇಕು. ಸ್ವಲ್ಪ ದಿನ ಹೊರಗೆ ಹೋಗಿ ಬಂದರೆ ತೊಂದರೆ ಇಲ್ಲ. ವರ್ಷಗಟ್ಟಲೆ ಇಲ್ಲಿ ದುಡಿಯುವವರ ಕಥೆ ಬೇರೆ.

ಹಾಗಂತ ನಮ್ಮ ಓಟು ಹೋಯಿತು ಅಂತ ಅಲ್ಲ. 2010ರ ತಿದ್ದುಪಡಿಯಲ್ಲಿ 20ಎ ಕಲಮು ಸೇರಿತು, 2011ರಿಂದ ಜಾರಿಯಲ್ಲಿದೆ. ಕೆಲಸಕ್ಕೋ ಓದಿಗೋ ಹೊರದೇಶದಲ್ಲಿರುವ, ಬೇರೆ ದೇಶದ ಪೌರತ್ವ ತೆಗೆದುಕೊಳ್ಳದ ಭಾರತೀಯರು ಸಾಗರೋತ್ತರ ಮತದಾರರಾಗಿ ಹೆಸರು ಸೇರಿಸಬಹುದು. ಅದಕ್ಕೆ ಫಾರಂ 6ಎ ಇದೆ. ಊರಲ್ಲಿ ಇರುವವರು ತುಂಬುವ ಫಾರಂ 6 ನಮಗಲ್ಲ. ಎರಡು ಕಡೆ ಹೆಸರು ಇಟ್ಟುಕೊಳ್ಳುವುದಕ್ಕೆ ಕಾಯ್ದೆಯಲ್ಲಿ ಅವಕಾಶವಿಲ್ಲ, ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯೂ ಆಗಬಹುದು. ಹಳೆ ಓಟರ್ ಐಡಿ ಇದ್ದರೆ ಅದನ್ನು ವಾಪಸ್ ಕೊಡಬೇಕು. ಸಾಗರೋತ್ತರ ಮತದಾರರಿಗೆ ಹೊಸ ಕಾರ್ಡ್ ಕೊಡುವುದಿಲ್ಲ.

ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, ಅಂಚೆಯಲ್ಲೂ ಕಳಿಸಬಹುದು. ಫೋಟೊ, ಪಾಸ್‌ಪೋರ್ಟಿನ ಮುಖ್ಯ ಪುಟಗಳು, ವೀಸಾ ಪುಟ, ಇಷ್ಟು ಬೇಕು. ಕಳಿಸುವ ಮುಂಚೆ ಪಾಸ್‌ಪೋರ್ಟಿನ ಕೊನೆ ಪುಟ ತೆಗೆದು ವಿಳಾಸ ಓದಿ. ನಿಮ್ಮ ಹೆಸರು ಸೇರುವುದು ಆ ವಿಳಾಸದ ಕ್ಷೇತ್ರಕ್ಕೆ. ಬೀದರ್ ಕಡೆಯ ಎಷ್ಟೋ ಹುಡುಗರು ಹೈದರಾಬಾದಿನಲ್ಲಿ ಕೆಲಸ ಮಾಡುವಾಗ ಪಾಸ್‌ಪೋರ್ಟ್ ಮಾಡಿಸಿರುತ್ತಾರೆ. ಅದರಲ್ಲಿ ಅಲ್ಲಿನ ವಿಳಾಸವಿದ್ದರೆ ಓಟೂ ಅಲ್ಲಿಯೇ. ಭಾಲ್ಕಿಯಲ್ಲೋ ಔರಾದಿನಲ್ಲೋ ಓಟು ಹಾಕಬೇಕು ಅಂದರೆ ಮೊದಲು ಪಾಸ್‌ಪೋರ್ಟಿನ ವಿಳಾಸ ಸರಿಮಾಡಿಸಿ.

ಕ್ಷೇತ್ರ ಆರಿಸುವಾಗಲೂ ಗಮನವಿರಲಿ. 2014ರಲ್ಲಿ ಊರಿನ ಹೆಸರು ಕಲಬುರಗಿ ಅಂತಾದರೂ ಕ್ಷೇತ್ರದ ಪಟ್ಟಿಯಲ್ಲಿ ಗುಲ್ಬರ್ಗಾ ಉತ್ತರ, ಗುಲ್ಬರ್ಗಾ ದಕ್ಷಿಣ, ಗುಲ್ಬರ್ಗಾ ಗ್ರಾಮೀಣ ಅಂತಲೇ ಇದೆ. ಸುರಪುರದವರು ಇಂಗ್ಲಿಷ್ ಪಟ್ಟಿಯಲ್ಲಿ ಶೋರಾಪುರ ಅಂತ ಹುಡುಕಬೇಕು. ಲೋಕಸಭೆಗೆ ಬಂದರೆ ಇನ್ನೊಂದು ಗೊಂದಲ. ಆಳಂದ, ಚಿಂಚೋಳಿ ಕಲಬುರಗಿ ಜಿಲ್ಲೆಯಲ್ಲಿದ್ದರೂ ಬೀದರ್ ಲೋಕಸಭೆಗೆ ಸೇರುತ್ತವೆ. ಯಾದಗಿರಿ ಜಿಲ್ಲೆಯಲ್ಲಿ ಗುರುಮಠಕಲ್ ಗುಲ್ಬರ್ಗಾಕ್ಕೆ, ಉಳಿದ ಮೂರು ರಾಯಚೂರಿಗೆ. ಅರ್ಜಿಗೆ ವಿಧಾನಸಭಾ ಕ್ಷೇತ್ರ ಸರಿಯಾಗಿದ್ದರೆ ಸಾಕು.

ಅರ್ಜಿ ಹೋದ ಮೇಲೆ ಅದರ ವಿವರವನ್ನು ಏಳು ದಿನ ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಯಾರಿಗಾದರೂ ಆಕ್ಷೇಪ ಇದ್ದರೆ ಹೇಳಲಿ ಅಂತ. ಬಿಎಲ್ಒ ಮನೆಗೆ ಬಂದು ಕೇಳುತ್ತಾರೆ. ಅದಕ್ಕೇ ಮನೆಯವರಿಗೆ ಮೊದಲೇ ಫೋನ್ ಮಾಡಿ ಹೇಳಿಡಿ. "ಅಂವ ಇಲ್ಲಿ ಇಲ್ರಿ" ಅಂತಷ್ಟೇ ಹೇಳಿ ಬಾಗಿಲು ಹಾಕಿದರೆ ಕೆಲಸ ಕೆಡುತ್ತದೆ. ಅರ್ಜಿ ತಿರಸ್ಕಾರವಾದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಅಲ್ಲೂ ಆಗದಿದ್ದರೆ ಬೆಂಗಳೂರಿನ ಮುಖ್ಯ ಚುನಾವಣಾಧಿಕಾರಿಗೆ.

ಪಟ್ಟಿ ಸುಮ್ನೆ ಒಮ್ಮೆ ಮಾಡಿ ಇಟ್ಟದ್ದಲ್ಲ. ಮೊದಲು ಕರಡು ಪಟ್ಟಿ ಬರುತ್ತದೆ, ಹಕ್ಕು ಮತ್ತು ಆಕ್ಷೇಪಣೆ ಕೇಳುತ್ತಾರೆ, ಆಮೇಲೆ ಅಂತಿಮ ಪಟ್ಟಿ. ಅದಾದ ಮೇಲೂ ವರ್ಷವಿಡೀ ಅರ್ಜಿ ತೆಗೆದುಕೊಳ್ಳುತ್ತಾರೆ. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು. 2022ರಿಂದ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಸೇರಿವೆ. ಆದರೆ ಚುನಾವಣೆ ಘೋಷಣೆಯಾಗಿ ನಾಮಪತ್ರದ ಕೊನೆ ದಿನ ಮುಗಿದರೆ, ಆ ಚುನಾವಣೆ ಮುಗಿಯುವವರೆಗೆ ಹೆಸರು ಸೇರಿಸುವುದೂ ಇಲ್ಲ, ತೆಗೆಯುವುದೂ ಇಲ್ಲ.

ಹೆಸರು ಸೇರಿದ ಮೇಲೂ ವರ್ಷಕ್ಕೆ ಎರಡು ಸಲ ಆನ್‌ಲೈನ್‌ನಲ್ಲಿ ನೋಡಿ. ನಮ್ಮ ಆಳಂದದ ಉದಾಹರಣೆ ಕಣ್ಣ ಮುಂದೆಯೇ ಇದೆ. 2023ರ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6018 ಅರ್ಜಿ ಬಂದವು, ಎಲ್ಲ ಫಾರಂ 7. ಪರಿಶೀಲಿಸಿದಾಗ ಸರಿ ಇದ್ದದ್ದು 24 ಮಾತ್ರ, 5994 ತಪ್ಪು ಅಂತ ಅಧಿಕಾರಿಗಳೇ ಹೇಳಿದರು. ಆ ಅರ್ಜಿಗಳನ್ನು ತಿರಸ್ಕರಿಸಿದರು, ಪೊಲೀಸ್ ಕೇಸೂ ಆಯಿತು. ಬಿಎಲ್ಒಗಳು ಮನೆ ಬಾಗಿಲಿಗೆ ಹೋಗಿ ಕೇಳಿದ್ದರಿಂದ ಅಷ್ಟು ಜನರ ಓಟು ಉಳಿಯಿತು. ಮನೆಯಲ್ಲಿ ಉತ್ತರ ಹೇಳುವವರು ಇಲ್ಲದ ನಮ್ಮಂಥವರಿಗೆ ಇದರ ಭಯ ಜಾಸ್ತಿ, ಅಲ್ವಾ?

ಓಟು ಹಾಕಲು ಊರಿಗೇ ಹೋಗಬೇಕು. ಇಲ್ಲಿಂದ ಅಂಚೆಯಲ್ಲೋ ಆನ್‌ಲೈನ್‌ನಲ್ಲೋ ಹಾಕಲು ನಮಗೆ ಇನ್ನೂ ಅವಕಾಶ ಕೊಟ್ಟಿಲ್ಲ. ಕೊಡಲೇಬೇಕು ಅಂತ ನನ್ನ ಆಸೆ. ಮುಂದೆ ಇಲ್ಲಿನ ಕೆಲಸ ಬಿಟ್ಟು ಊರಲ್ಲೇ ನೆಲೆಸಿದರೆ, ಆಗ ಫಾರಂ 6 ತುಂಬಿ ಸಾಮಾನ್ಯ ಮತದಾರರಾಗಿ.

2024ರ ಮೇ 7ರಂದು ಅದೇ ಶಾಲೆಗೆ ಹೋದೆ. ಪಾಸ್‌ಪೋರ್ಟ್ ಕೊಟ್ಟೆ, ಅಸಲಿಯೇ ಬೇಕು, ಜೆರಾಕ್ಸ್ ನಡೆಯುವುದಿಲ್ಲ. ಮೇಜಿನ ಹಿಂದಿದ್ದ ಮೇಷ್ಟ್ರು ಹಾಳೆ ತಿರುವಿದರು, ಮತ್ತೆ ತಿರುವಿದರು, "ಇಲ್ಲಲ್ರೀ" ಅಂದರು. ನಮ್ಮ ಹೆಸರು ಪಟ್ಟಿಯ ಕೊನೆಗೆ, ಬೇರೆ ವಿಭಾಗದಲ್ಲಿ ಇರುತ್ತದೆ. "ಕೊನೀ ಹಾಳಿ ನೋಡ್ರಿ ಸರ್" ಅಂದೆ. ಬೆರಳಿಟ್ಟು ಕೆಳಗೆ ಇಳಿಸುತ್ತಾ ಬಂದರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.