ಹಳೇ ಕೇಸು ಎತ್ತಿದಾಗ ನಾನು ಏನು ಮಾಡಿದೆ

ಮುಧೋಳ ಕಡೆಯ ಕೇಸು. ಕಬ್ಬಿಗೆ ನೀರು ಬಿಡುವ ಪಾಳಿಗಾಗಿ ಹೊಡೆದಾಟವಾಗಿ, ಪಕ್ಕದ ಹೊಲದವನ ಕೈ ಮುರಿದಿತ್ತು. ನಾನು ಆರೋಪಿ ಪರ ವಕೀಲ. ಅವನ ಹೆಸರು ಮೊದಲೇ ರೌಡಿ ಶೀಟಿನಲ್ಲಿತ್ತು, ಆದರೆ ಯಾವ ಕೇಸಿನಲ್ಲೂ ಶಿಕ್ಷೆ ಆಗಿರಲಿಲ್ಲ.

ವಿಚಾರಣೆ ಶುರುವಾಗುವ ಮೊದಲು ಊರ ಹಿರಿಯರು ಆಫೀಸಿಗೆ ಬಂದರು. ‘ವಕೀಲ್ರ, ಈ ಹುಡುಗ ಎಂಥಾವ ಅಂತ ಜಡ್ಜ್ ಸಾಹೇಬ್ರ ಮುಂದ ನಾವು ಹೇಳ್ತೀವ್ರಿ’ ಅಂದರು ಒಬ್ಬರು.

‘ಬ್ಯಾಡ್ರಿ ಕಾಕಾ’ ಅಂದೆ.

ಕೋರ್ಟಿನಲ್ಲಿ ಯಾವ ಸಾಕ್ಷ್ಯ ನಡೆಯುತ್ತದೆ ಅಂತ ಹೇಳುವ ಕಾನೂನಾದ ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 47ನೇ ಕಲಂ ಪ್ರಕಾರ ಆರೋಪಿ ತನ್ನ ಒಳ್ಳೆಯ ನಡತೆಗೆ ಸಾಕ್ಷಿ ಕೊಡಬಹುದು. ಆದರೆ ಹಾಗೆ ಕೊಟ್ಟರೆ, 49ನೇ ಕಲಂ ಪ್ರಕಾರ ಅದಕ್ಕೆ ಉತ್ತರವಾಗಿ ಪ್ರಾಸಿಕ್ಯೂಷನ್ ಅವನ ಕೆಟ್ಟ ನಡತೆಯನ್ನೂ ತರಬಹುದು. ನಾವು ಸುಮ್ನೆ ಇದ್ದರೆ ಅವರೂ ಎತ್ತುವಂತಿಲ್ಲ. ಪಾಟಿ ಸವಾಲಿನಲ್ಲೂ ‘ಇವನು ಒಳ್ಳೆಯವನು ಅಲ್ವಾ’ ಅಂತ ಯಾವ ಸಾಕ್ಷಿಯನ್ನೂ ನಾನು ಕೇಳಲಿಲ್ಲ.

ಗಾಯಾಳು ಮುಖ್ಯ ವಿಚಾರಣೆಯಲ್ಲಿ, ಅಂದರೆ ಸರ್ಕಾರಿ ವಕೀಲರು ಮೊದಲು ಪ್ರಶ್ನೆ ಕೇಳುವಾಗ, ‘ಹೋದ ಬ್ಯಾಸಗೀಲಿ ಇದೇ ನೀರಿಗೆ ನನಗೆ ಧಮಕಿ ಹಾಕಿದ್ದ’ ಅಂದ. ಎದ್ದೇಳಿ ಅಂತ ಜೂನಿಯರ್ ನನ್ನ ಕೋಟು ಜಗ್ಗಿದ. ನಾನು ಏಳಲಿಲ್ಲ. ಆ ಮಾತು ಆರೋಪಿ ಎಂಥವನು ಅನ್ನುವುದರ ಬಗ್ಗೆ ಅಲ್ಲ, ಇವರಿಬ್ಬರ ನಡುವೆ ಏನಿತ್ತು ಅನ್ನುವುದರ ಬಗ್ಗೆ. ಅದು ಉದ್ದೇಶ ತೋರಿಸುತ್ತದೆ, 6ನೇ ಕಲಂ ಅಡಿ ಸಂಬಂಧಪಟ್ಟದ್ದೇ. ಆಕ್ಷೇಪಣೆ ನಿಲ್ಲುತ್ತಿರಲಿಲ್ಲ.

ತನಿಖಾಧಿಕಾರಿಯ ಸರದಿ ಬೇರೆ. ‘ಇವನ ಮೇಲೆ ಹಿಂದೆಯೂ ಕೇಸುಗಳಿವೆ, ರೌಡಿ ಶೀಟ್ ಇದೆ’ ಅಂದರು. ಸ್ಟೆನೊ ಟೈಪ್ ಮಾಡುವಷ್ಟರಲ್ಲಿ ಎದ್ದು ಆಕ್ಷೇಪಣೆ ಎತ್ತಿದೆ. ಆ ಹಳೇ ಕೇಸುಗಳು ಬೇರೆ ಊರು, ಬೇರೆ ಜನರದ್ದು. ರೌಡಿ ಶೀಟ್ ಪೊಲೀಸರ ಕಡತವಷ್ಟೇ, ಕೋರ್ಟು ಕೊಟ್ಟ ಶಿಕ್ಷೆಯಲ್ಲ. ಹಳೇ ಹೆಸರಿನ ಮೇಲೆ ಹೊಸ ತಪ್ಪು ಹೊರಿಸಬಾರದು ಅನ್ನುವ ಈ ನಿಯಮ ಇಲ್ಲದಿದ್ದರೆ, ಒಮ್ಮೆ ಹೆಸರು ಕೆಟ್ಟವನಿಗೆ ನ್ಯಾಯವೇ ಸಿಗುವುದಿಲ್ಲ.

ಆಕ್ಷೇಪಣೆ ಬರೆದುಕೊಂಡು ವಿಚಾರಣೆ ಮುಂದುವರಿಸಿ, ಕೊನೆಗೆ ತೀರ್ಮಾನಿಸಬಹುದು ಅಂತ 2001ರಲ್ಲಿ ಬಿಪಿನ್ ಶಾಂತಿಲಾಲ್ ಪಾಂಚಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ 2021ರಲ್ಲಿ ಅದೇ ಕೋರ್ಟು, ಆ ಮಾತನ್ನು ಪಾಲಿಸಲೇಬೇಕಿಲ್ಲ, ಆಕ್ಷೇಪಣೆಯನ್ನು ಆಗಲೇ ಇಲ್ಲವೇ ಆ ಸಾಕ್ಷಿಯ ಹೇಳಿಕೆ ಮುಗಿದಾಗ ತೀರ್ಮಾನಿಸಬೇಕು ಅಂದಿತು. ಆದರೂ ಇಲ್ಲಿ ಹಳೇ ರೀತಿಯಲ್ಲೇ, ತೀರ್ಮಾನ ಕೊನೆಗೆ ಉಳಿಯಿತು. ಅಂಥ ಆಕ್ಷೇಪಣೆಯನ್ನು ವಾದದ ದಿನ ನಾವೇ ನೆನಪಿಸಬೇಕು. ಹಾಗಾಗಿ ಲಿಖಿತ ವಾದದ ಮೊದಲ ಪುಟದಲ್ಲೇ ಅದನ್ನು ಬರೆದೆ.

ಇನ್ನು ಆ ಧಮಕಿ ಮಾತು. ಗಾಯಾಳು ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಅದು ಇರಲೇ ಇಲ್ಲ. ಮೊದಲು ಅವನಿಗೇ ಕೇಳಿದೆ. ಆಮೇಲೆ ತನಿಖಾಧಿಕಾರಿಯ ಬಾಯಿಂದಲೂ ‘ನನ್ನ ಮುಂದೆ ಹಾಗೆ ಹೇಳಿಲ್ಲ’ ಅಂತ ಬರೆಸಿದೆ, ಆ ಮಾತು ಆಮೇಲೆ ಸೇರಿಸಿದ್ದು ಅಂತ ವಾದಿಸಲು.